ಸಂದಿಲ್ಲದ ಬಾಗಿಲು

ಊರಿನವರು ಅವರನ್ನು ಕರೆಯುತ್ತಿದ್ದದ್ದೇ ಕಿರುಬೆರಳು ಮೇಸ್ತ್ರಿ ಎಂದು. ಹೆತ್ತವರು ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಆದರೆ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಮೇಸ್ತ್ರಿಯೇ ಹಿಂದೆ ತಿರುಗಿ, ಬೇರೆ ಯಾರು ಬಂದರು ಎಂದು ನೋಡುವಷ್ಟು ಅದು ಮೂಲೆ ಸೇರಿತ್ತು.

ಬಡಗಿ ಕೆಲಸದಲ್ಲಿ ಪಳಗಿದ ಕೈ. ಮೇಜಾಗಲಿ, ಮಂಚವಾಗಲಿ, ಕಪಾಟಾಗಲಿ, ಅವರು ಮಾಡಿದ್ದರಲ್ಲಿ ಹುಳುಕು ಹುಡುಕಲು ಹೋದವರು ಬರಿಗೈಲಿ ಬರುತ್ತಿದ್ದರು. ಬಾಗಿಲು ಮಾತ್ರ ಹಾಗಲ್ಲ. ಅವರು ಮಾಡಿದ ಬಾಗಿಲು ಮುಚ್ಚಿದರೂ ಚೌಕಟ್ಟಿನ ಸುತ್ತ ಕಿರುಬೆರಳು ತೂರುವಷ್ಟು ಸಂದಿ ಉಳಿಯುತ್ತಿತ್ತು. ಗಾಳಿ ಬರುತ್ತದೆ, ಧೂಳು ಬರುತ್ತದೆ, ಪಕ್ಕದ ಕೋಣೆಯ ಗೊರಕೆ ಬರುತ್ತದೆ. ಜನ ಮೂಗು ಮುರಿಯುತ್ತಿದ್ದರು.

"ಮೇಸ್ತ್ರಿಗಳೇ, ಇದು ಬಾಗಿಲೋ, ಪರದೆಯೋ?"

"ಬೇಡವಾದ್ರೆ ಬೇರೆಯವರ ಹತ್ತಿರ ಮಾಡಿಸ್ಕೊಳ್ಳಿ," ಎನ್ನುತ್ತಿದ್ದರು ಮೇಸ್ತ್ರಿ. ಅಷ್ಟೇ. ಕಾರಣ ಹೇಳುವ ಜಾಯಮಾನ ಅವರದಲ್ಲ.

ಕಾರಣ ನಾನು ಹೇಳುತ್ತೇನೆ. ಹರೆಯದಲ್ಲಿ ಇದೇ ಮನುಷ್ಯ ಬಾಗಿಲು ಕೂರಿಸಿ, ಚೌಕಟ್ಟಿನ ಸಂದಿಗೆ ಒಂದು ಪೋಸ್ಟ್ ಕಾರ್ಡು ಒತ್ತಿ, "ತೂರಿಸಿ ನೋಡಿ, ತೂರಿದರೆ ನನ್ನ ಕೈಯಿಂದ ಉಳಿ ಕಿತ್ತುಕೊಳ್ಳಿ" ಎಂದು ಎದೆ ಉಬ್ಬಿಸಿ ನಿಲ್ಲುತ್ತಿದ್ದರು. ಯಾವ ಕಾರ್ಡೂ ತೂರಿದ್ದಿಲ್ಲ. ಅಂಥ ಬಾಗಿಲುಗಳಲ್ಲೆಲ್ಲ ಮೇಲಾದದ್ದನ್ನು ಅವರು ತಮ್ಮ ಮನೆಯ ಒಳಕೋಣೆಗೆ ಹಾಕಿಕೊಂಡಿದ್ದರು. ಮನುಷ್ಯನಿಗೆ ಹೆಮ್ಮೆ ಇರಬೇಕು, ಆದರೆ ಅದನ್ನು ಹೆಂಡತಿ ಮಕ್ಕಳು ಮಲಗುವ ಕೋಣೆಗೆ ಕೂರಿಸಬಾರದು ಎಂದು ಆಗ ಅವರಿಗೆ ಯಾರೂ ಹೇಳಲಿಲ್ಲ.

ಇಪ್ಪತ್ನಾಲ್ಕು ವರ್ಷದ ಹಿಂದಿನ ಒಂದು ಬೆಳಿಗ್ಗೆ. ಮೇಸ್ತ್ರಿ ಅಂಗಳದಲ್ಲಿ ಮರ ಕೊಯ್ಯುತ್ತಿದ್ದರು. ಮರದ ಹೊಟ್ಟು ಒಳಗೆ ಬರುತ್ತದೆಂದು ಹೆಂಡತಿ ಒಳಕೋಣೆಯ ಬಾಗಿಲು ಹಾಕಿಕೊಂಡು ಏಳು ವರ್ಷದ ಮಗಳಿಗೆ ಜಡೆ ಹಾಕುತ್ತಿದ್ದಳು. ಮೊದಲು ಬಂದದ್ದು ಸದ್ದು. ತುಂಬಿದ ಲಾರಿಯೊಂದು ನೆಲದಡಿಯಿಂದ ಹಾದುಹೋದ ಹಾಗೆ. ಡಬ್ಬಿಯಲ್ಲಿದ್ದ ಮೊಳೆಗಳು ತಾವಾಗಿಯೇ ಕಿಣಿಕಿಣಿ ಎಂದವು. ಇದೇನು ಎಂದು ಅವರು ಡಬ್ಬಿಯ ಕಡೆ ತಿರುಗುವಷ್ಟರಲ್ಲಿ ಅಂಗಳ ಕಾಲಡಿಯಿಂದ ಜಾರಿತು. ಎದ್ದು ನೋಡಿದಾಗ ಮನೆಯ ಹಿಂಭಾಗದ ಮಾಡು ಕುಳಿತುಹೋಗಿತ್ತು. ಒಳಕೋಣೆಯ ಚೌಕಟ್ಟು ಅರ್ಧ ಅಂಗುಲದಷ್ಟು ವಾಲಿತ್ತು. ಬರೀ ಅರ್ಧ ಅಂಗುಲ. ಆದರೆ ಕಾರ್ಡು ತೂರದ ಬಾಗಿಲಿನಲ್ಲಿ ಅರ್ಧ ಅಂಗುಲ ಹೋಗುವುದೆಲ್ಲಿಗೆ? ಬಾಗಿಲು ಕಚ್ಚಿಕೊಂಡು ಕೂತಿತು.

ಐದು ಗಂಟೆ ಹಿಡಿಯಿತು. ಅಂಗಳದ ಗೋಡೆ ಕುಸಿದು ಗರಗಸ, ಉಪಕರಣಗಳೆಲ್ಲ ಮಣ್ಣಿನಡಿ ಸೇರಿದ್ದವು. ಕೈಯಲ್ಲಿ ಉಳಿದದ್ದು ಒಂದು ಉಳಿ, ಒಂದು ಕಲ್ಲು. ಒಳಗಿನಿಂದ ಮಗಳು ಮಾತಾಡುತ್ತಿದ್ದಳು.

"ಅಮ್ಮ ಎಲ್ಲಿ ಪುಟ್ಟೀ? ಅಮ್ಮನ್ನ ಮಾತಾಡಿಸು."

"ಅಮ್ಮ ಮಲಗಿದಾಳೆ ಅಪ್ಪ. ನೀನು ಕೆಲಸ ನೋಡು."

ಅಮ್ಮ ಮಲಗಿದಾಳೆ. ಐದು ಗಂಟೆಯಲ್ಲಿ ಹತ್ತು ಸಲ ಕೇಳಿದರು, ಹತ್ತು ಸಲವೂ ಅದೇ ಉತ್ತರ. ಪೆಟ್ಟು ಬಿದ್ದು ಎಚ್ಚರ ತಪ್ಪಿರಬೇಕು ಎಂದುಕೊಂಡು ಮೇಸ್ತ್ರಿ ಅಂಗೈ ಹರಿದು ರಕ್ತ ಬಂದರೂ ಬಿಡದೆ ಕೊರೆದರು. ಬಾಗಿಲು ಬಿದ್ದಾಗ ಮಗಳು ಮೂಲೆಯಲ್ಲಿ ಕೂತಿದ್ದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು. ತೊಲೆ ಬಿದ್ದದ್ದು ಹೆಂಡತಿಯ ಎದೆಯ ಮೇಲೆ. ಮೊದಲ ಏಟಿಗೇ ಹೋಗಿದ್ದಾರೆ ಎಂದರು ಡಾಕ್ಟರು. ಮುಖದ ಮೇಲೆ ಒಂದು ಟವೆಲ್ಲು ಹೊದಿಸಿತ್ತು. ನಾಲ್ಕೂ ಮೂಲೆ ನೇರ ಮಾಡಿ, ಸುಕ್ಕು ತೆಗೆದು ಹೊದಿಸಿದ ಟವೆಲ್ಲು.

ಅಂದರೆ ಮಗಳಿಗೆ ಗೊತ್ತಿತ್ತು. ಏಳು ವರ್ಷದ ಕೂಸು ಗೊತ್ತಿದ್ದೂ ಐದು ಗಂಟೆ ಸುಳ್ಳು ಹೇಳಿತ್ತು. ಮೇಸ್ತ್ರಿ ಅದನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಸಂಜೆ, ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಬಯಲಿನಲ್ಲಿ ಹಾಕಿದ್ದ ಟೆಂಟಿನಲ್ಲಿ ಕೂತು ಅವರು ಮಗಳ ಎರಡನೆಯ ಜಡೆ ಹಾಕಿದರು. ಅದು ಸೊಟ್ಟಗಾಯಿತು. ಅಲ್ಲಿಂದ ಮುಂದೆ ಅವರು ಮಾಡಿದ ಪ್ರತಿ ಬಾಗಿಲಿಗೂ ಕಿರುಬೆರಳಿನ ಸಂದಿ ಬಂತು.

ಆ ಪುಟ್ಟಿಗೆ ಈಗ ಮೂವತ್ತೊಂದು. ಊರಿನ ಆ ತುದಿಯಲ್ಲಿ ಎರಡು ಕೋಣೆಯ ಮನೆ. ಗಂಡ ದೂರದ ಊರಿಗೆ ಬಸ್ಸು ಓಡಿಸುವವನು, ಎರಡು ದಿನಕ್ಕೊಮ್ಮೆ ಮನೆ ಸೇರುತ್ತಾನೆ. ನಾಲ್ಕು ತಿಂಗಳ ಗಂಡುಮಗು. ಅದಕ್ಕೆ ಮನೆಯಲ್ಲಿ ಇನ್‌ಸ್ಪೆಕ್ಟರ್ ಎಂದೇ ಹೆಸರು. ಎಲ್ಲಿ ಒಂದು ಚಮಚ ಬಿದ್ದರೂ ಕಣ್ಣು ಬಿಟ್ಟು, ಯಾರದು ತಪ್ಪು ಎನ್ನುವ ಹಾಗೆ ಎಲ್ಲರ ಮುಖ ನೋಡಿ, ಆಮೇಲೆ ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಎದುರುಮನೆಯಲ್ಲೇ ತಗಡಿನ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಬಕೆಟ್ಟು, ಡ್ರಮ್ಮು ಬಡಿಯುವ ಸದ್ದು. ಮಗು ಮಲಗುವುದಿಲ್ಲ, ತಾಯಿಯೂ ಮಲಗುವುದಿಲ್ಲ. ಮಗಳ ಕಣ್ಣಿನ ಕೆಳಗೆ ಮಸಿ ಬಳಿದ ಹಾಗೆ ಕಪ್ಪು.

"ಅಪ್ಪ, ಒಳಕೋಣೆಗೆ ಒಂದು ಒಳ್ಳೆ ಬಾಗಿಲು ಮಾಡಿಕೊಡು. ಈ ಒಂದಕ್ಕೆ ನಿನ್ನ ಕಿರುಬೆರಳು ಬೇಡ," ಎಂದಳು ಮಗಳು.

ಮೇಸ್ತ್ರಿ ಒಂದು ತಿಂಗಳು ಕೇಳಿಸದವರ ಹಾಗಿದ್ದರು. ಆಮೇಲೆ ಒಂದು ದಿನ ಅವಳು ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸಿದ್ದನ್ನು ನೋಡಿ ಕರಗಿಹೋದರು. ಎಷ್ಟೋ ವರ್ಷದಿಂದ ಎತ್ತಿಟ್ಟಿದ್ದ ಎರಡಂಗುಲ ದಪ್ಪದ ಹಲಗೆಗಳನ್ನು ತೆಗೆದು, ಹತ್ತರಿ ಹೊಡೆದು ನುಣುಪು ಮಾಡಿ, ಬಾಗಿಲು ಕೂರಿಸಿದರು. ಕಾರ್ಡು ಒತ್ತಿ ನೋಡಿದರು. ತೂರಲಿಲ್ಲ. ನಾಚಿಕೆಯ ಮಾತು, ಆದರೂ ಹೇಳಬೇಕು: ಅವರಿಗೆ ಸಂತೋಷವಾಯಿತು. ಕೈ ತನ್ನ ಹಳೆಯ ಕೆಲಸ ಮರೆತಿರಲಿಲ್ಲ. ಬಾಗಿಲು ಹಾಕಿದ ಕೂಡಲೇ ತಗಡಿನ ಸದ್ದು ಕತ್ತು ಹಿಸುಕಿದ ಹಾಗೆ ನಿಂತಿತು. ಇನ್‌ಸ್ಪೆಕ್ಟರ್ ಮೂರು ಗಂಟೆ ಮಲಗಿದ. ಮಗಳೂ ಮಲಗಿದಳು.

ಹದಿನೇಳನೆಯ ದಿನ, ಬೆಳಿಗ್ಗೆ ಹತ್ತೂವರೆಗೆ, ಮೇಸ್ತ್ರಿಯ ಬಡಗಿ ಅಂಗಡಿಯಲ್ಲಿ ಡಬ್ಬಿಯೊಳಗಿನ ಮೊಳೆಗಳು ಕಿಣಿಕಿಣಿ ಎಂದವು.

ಬೇರೆಯವರಾಗಿದ್ದರೆ ತಿರುಗಿ ನೋಡುತ್ತಿದ್ದರು. ಮೇಸ್ತ್ರಿ ನೋಡಲಿಲ್ಲ. ಕೈಗೆ ಸಿಕ್ಕ ಉಪಕರಣದ ಚೀಲ ಹಿಡಿದುಕೊಂಡೇ ಬೀದಿಯ ನಡುವೆ ಹೋಗಿ ಬಿದ್ದರು. ಬೀದಿ ಅಲೆಅಲೆಯಾಗಿ ಬಂತು. ಕಂಬಗಳು ತೂರಾಡಿದವು. ಅಂಗಡಿಯ ಮುಂದಿನ ಗೋಡೆ ಸುಸ್ತಾದವನು ಕೂರುವ ಹಾಗೆ ನಿಧಾನವಾಗಿ ಕುಳಿತುಕೊಂಡಿತು. ಅಲುಗಾಟ ನಿಂತ ಮೇಲೆ ಒಂದೆರಡು ಉಸಿರಿನಷ್ಟು ಹೊತ್ತು ಎಲ್ಲಾ ಸ್ತಬ್ಧ. ಆಮೇಲೆ ಊರಿಗೆ ಊರೇ ಒಟ್ಟಿಗೆ ಕೂಗಿಕೊಂಡಿತು.

ಮಗಳಿಗೆ ಫೋನು ಮಾಡಿದರು. ಹೋಗಲಿಲ್ಲ. ಮತ್ತೆ ಮಾಡಿದರು. ಫೋನು ಸತ್ತಿತ್ತು. ಅರವತ್ತು ದಾಟಿದ ಮೊಣಕಾಲು ಸವೆದ ಮನುಷ್ಯ ಓಡತೊಡಗಿದರು.

ಅದು ಮಗು ಮಲಗುವ ಹೊತ್ತು. ಬಾಗಿಲು ಹಾಕಿರುತ್ತದೆ. ಮಲಗಿಸಲಿಕ್ಕೆಂದೇ ತಾವು ಮಾಡಿಕೊಟ್ಟ ಬಾಗಿಲು.

ದಾರಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಅವರ ಕೈ ಹಿಡಿದು ನಿಲ್ಲಿಸಿದಳು. ತಲೆತುಂಬ ಸುಣ್ಣ. ಸುತ್ತ ಅವಳ ಮೂರು ಮಕ್ಕಳು.

"ಮೇಸ್ತ್ರಿಗಳೇ! ಪಕ್ಕದ ಮನೆಯವರನ್ನ ಬಾಗಿಲು ಒಡೆದು ಹೊರಗೆ ತೆಗೀತಾ ಇದಾರೆ. ನಾವು ಬರೀ ಚಿಲಕ ತೆಗೆದು ಬಂದ್ವಿ. ನಿಮ್ಮ ಬಾಗಿಲು ತೆರೀತು! ಎಷ್ಟು ಬೈದಿದ್ದೆ ನಾನು ನಿಮ್ಮನ್ನ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮೇಸ್ತ್ರಿ ಕೈ ಕೊಸರಿಕೊಂಡು ಮುಂದೆ ನಡೆದರು. ತಾವು ಊರಿಗೆ ಮಾಡಿಕೊಟ್ಟ ಬಾಗಿಲುಗಳೆಲ್ಲ ತೆರೆದಿವೆ. ತೆರೆಯದೆ ಇರುವುದು ಒಂದೇ ಒಂದು, ಅದು ಯಾರ ಮನೆಯದೆಂದು ಅವರಿಗೆ ಗೊತ್ತು.

ಮಗಳ ಮನೆ ನಿಂತಿತ್ತು. ನಿಂತಿರುವುದನ್ನು ಕಂಡೊಡನೆ ಕಣ್ಣು ತುಂಬಿ ಬಂತು, ಆದರೆ ಹೊಸ್ತಿಲು ದಾಟಿದ ಕೂಡಲೇ ಜೀವ ಬಾಯಿಗೆ ಬಂತು. ಎದುರುಮನೆಯ ತಗಡಿನವನು ಒಳಕೋಣೆಯ ಬಾಗಿಲ ಮುಂದೆ ದೊಡ್ಡ ಸುತ್ತಿಗೆ ಎತ್ತಿ ನಿಂತಿದ್ದ.

"ಹೊಡೀಬೇಡ!" ಎಂದು ಕಿರುಚಿದರು ಮೇಸ್ತ್ರಿ.

ಅವನಿಗೆ ಕೇಳಿಸಲಿಲ್ಲ. ಓಡಿಹೋಗಿ ತೋಳು ಹಿಡಿದರು. ಬಾಗಿಲ ನೆತ್ತಿಯಿಂದ ಸೂರಿನವರೆಗೆ ಗೋಡೆ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಕೈ ಇಡಬಹುದಿತ್ತು. ಒಂದು ಏಟು ಬಲವಾಗಿ ಬಿದ್ದರೆ ಬಾಗಿಲೂ ಬೀಳುತ್ತದೆ, ಅದರ ಹಿಂದೆಯೇ ಗೋಡೆಯೂ ಒಳಗೆ ಬೀಳುತ್ತದೆ.

"ಕಿಟಕಿ?" ಎಂದು ಅವನ ಕಿವಿಯ ಬಳಿ ಕೂಗಿದರು.

"ನೋಡ್ದೆ. ಪಕ್ಕದ ಮನೆ ಗೋಡೆ ಒರಗಿ ನಿಂತಿದೆ, ಕೈಯೂ ತೂರಲ್ಲ. ನಮ್ಮ ತಾಯಿನ ಹೊರಗೆ ಕೂರಿಸಿ ಈಗ ತಾನೇ ಬಂದೆ ಮೇಸ್ತ್ರಿಗಳೇ."

"ಮಗು ಅಳೋದು ಕೇಳಿಸ್ತಾ?"

ಅವನು ಮುಖ ಸಣ್ಣದು ಮಾಡಿದ. "ಇಲ್ಲ. ಆದರೆ ನನ್ನ ಕಿವಿ ನಂಬಬೇಡಿ. ಮೂವತ್ತು ವರ್ಷದಿಂದ ತಗಡು ಬಡೀತಿದೀನಿ."

ಮೇಸ್ತ್ರಿ ನೆಲಕ್ಕೆ ಬಿದ್ದು ಹೊಸ್ತಿಲಿಗೆ ಬಾಯಿ ಹಚ್ಚಿದರು. "ಪುಟ್ಟೀ!"

ಕೊಡದೊಳಗಿನಿಂದ ಬಂದ ಹಾಗೆ ಸಣ್ಣ ದನಿ ಬಂತು. "ಅಪ್ಪ. ಬಂದ್ಯಾ?"

"ಬಂದೆ. ಏಟಾಗಿದೆಯಾ?"

"ಭುಜಕ್ಕೆ ಸ್ವಲ್ಪ. ಕಪಾಟು ಬಿತ್ತು."

"ಮಗು?"

ಉತ್ತರ ಬರಲು ತುಸು ತಡವಾಯಿತು. ಎಣಿಸಿದ್ದರೆ ಎರಡು ಉಸಿರಿನಷ್ಟು ಇದ್ದೀತು.

"ಮಲಗಿದೆ ಅಪ್ಪ. ನೀನು ಕೆಲಸ ನೋಡು."

ಚಮಚ ಬಿದ್ದರೆ ಏಳುವ ಮಗು. ಭೂಮಿಯೇ ಅಲುಗಿ, ಕಪಾಟು ಬಿದ್ದು, ಬೀದಿಯೆಲ್ಲ ಬಾಯಿ ಬಡಿದುಕೊಳ್ಳುವಾಗ ಮಲಗಿದೆಯಂತೆ. ಅದೇ ಮಾತು, ಅದೇ ತಣ್ಣನೆಯ ದನಿ. ಇಪ್ಪತ್ನಾಲ್ಕು ವರ್ಷದ ಹಿಂದೆ ಬಾಗಿಲಿನ ಆಚೆಯಿಂದ ಬಂದದ್ದೂ ಇದೇ ದನಿ. ನಿಜ ಹೇಳು, ಅದನ್ನು ಒಮ್ಮೆ ಅಳಿಸು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನುಂಗಿಕೊಂಡರು. ಕೇಳಿ, ಅವಳು ಅತ್ತುಬಿಟ್ಟರೆ? ಆಮೇಲೆ ಈ ಕೈ ಏಳುತ್ತದೆಯೇ? ಒಳಗೆ ಮಗಳಿದ್ದಾಳೆ, ತಲೆಯ ಮೇಲೆ ಬಿರುಕು ಬಿಟ್ಟ ಗೋಡೆಯಿದೆ. ಈಗ ಕೈ ನಿಲ್ಲಬಾರದು. ಆಗ ಮೇಸ್ತ್ರಿಗೆ ಅರ್ಥವಾಯಿತು. ಏಳು ವರ್ಷದ ಪುಟ್ಟಿ ಅವತ್ತು ಲೆಕ್ಕ ಹಾಕಿದ್ದೂ ಇದನ್ನೇ.

"ಸರಿ ಮಗಳೇ. ಮಲಗಲಿ ಬಿಡು," ಎಂದರು. ದನಿ ನಡುಗದ ಹಾಗೆ ಹೇಳಲು ಅವರು ಪಟ್ಟ ಪಾಡು ಅವರಿಗೇ ಗೊತ್ತು.

ತಗಡಿನವನಿಂದ ಎರಡು ಕಬ್ಬಿಣದ ಪೈಪು ತರಿಸಿ ಬಾಗಿಲ ನೆತ್ತಿಗೆ ಆನಿಸಿದರು. ಚೀಲ ಬಿಚ್ಚಿದರು. ಪುಣ್ಯಕ್ಕೆ ತೂತು ಕೊರೆಯುವ ಬೈರಿಗೆ ಇತ್ತು, ಕಿರಿದಾದ ಗರಗಸ ಇತ್ತು, ಉಳಿ, ಕೊಡತಿ ಇದ್ದವು. ಬಾಗಿಲನ್ನು ಅಲುಗಿಸುವುದು ಬೇಡ. ಅದರ ಕೆಳಭಾಗದಲ್ಲಿ ಒಬ್ಬಳು ನುಸುಳುವಷ್ಟು ಕಿಂಡಿ ಕೊಯ್ಯಬೇಕು. ಸಾಲಾಗಿ ತೂತು ಕೊರೆದು, ತೂತಿನಿಂದ ತೂತಿಗೆ ಗರಗಸ ಎಳೆಯಬೇಕು. ಎರಡಂಗುಲ ದಪ್ಪದ ಗಟ್ಟಿ ಮರ. ಇಷ್ಟು ಒಳ್ಳೆಯ ಮರ ಹಾಕಿದ್ದಕ್ಕೆ ತಮ್ಮನ್ನೇ ಬಾಯಿಗೆ ಬಂದಂತೆ ಬೈದುಕೊಳ್ಳುತ್ತ ಬೈರಿಗೆ ತಿರುಗಿಸಿದರು.

"ಅಪ್ಪ, ಮೆಲ್ಲಗೆ," ಎಂದಿತು ಒಳಗಿನ ದನಿ. "ಎದ್ದುಬಿಡುತ್ತೆ."

ಮೇಸ್ತ್ರಿ ತುಟಿ ಕಚ್ಚಿಕೊಂಡರು. ಎಷ್ಟು ಚೆನ್ನಾಗಿ ನಟಿಸುತ್ತಾಳೆ ನನ್ನ ಮಗಳು ಎಂದು ಎದೆ ಒಡೆಯಿತು.

ಮೊದಲ ತೂತು ಆಚೆ ಬಿದ್ದಾಗ ಅವರು ಕಣ್ಣಿಟ್ಟು ನೋಡಿದರು. ನೋಡಬಾರದಿತ್ತು. ಒಳಗೆ ನಸುಗತ್ತಲು, ಹೊಗೆಯಂತೆ ಧೂಳು. ಮೂಲೆಯಲ್ಲಿ ಮಗಳು ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಗಂಟು. ಅವಳು ಎರಡೂ ಕೈಯಿಂದ ಅದರ ತಲೆಯನ್ನು ಅದುಮಿ ಹಿಡಿದಿದ್ದಳು. ಮುಖ ಕಾಣಲಿಲ್ಲ. ಮುಖದ ಮೇಲೆ ಬಟ್ಟೆ ಹೊದಿಸಿತ್ತು.

ಮೇಸ್ತ್ರಿ ಕಣ್ಣು ಹಿಂದೆ ತೆಗೆದರು. ಎರಡನೆಯ ತೂತಿಗೆ ಬೈರಿಗೆ ಇಟ್ಟರು.

"ಏನು ಕಂಡಿತು ಮೇಸ್ತ್ರಿಗಳೇ?" ಎಂದ ತಗಡಿನವನು.

"ಮಗು ಮಲಗಿದೆ," ಎಂದರು ಮೇಸ್ತ್ರಿ.

ಈಗ ಸುಳ್ಳು ಹೇಳುವ ಸರದಿ ತಮ್ಮದು ಎಂದುಕೊಂಡರು. ಮೂರು, ನಾಲ್ಕು, ಒಂಬತ್ತು, ಹದಿನಾಲ್ಕು. ಪ್ರತಿ ತೂತಿಗೂ ಅಂಗೈ ಬೆಂದಿತು. ಎರಡು ಪಕ್ಕ ಕೊಯ್ದಾಗಿತ್ತು, ಮೇಲಿನದು ಅರ್ಧ ಮುಗಿದಿತ್ತು. ಚೀಲದಲ್ಲಿದ್ದ ಸ್ಕ್ರೂಗಳು ಸಣ್ಣಗೆ ಕಿಣಿ ಎಂದವು.

"ಬಾಗಿಲಿನಿಂದ ದೂರ ಹೋಗು ಪುಟ್ಟೀ!" ಎಂದು ಕೂಗಿ ಅವರು ಪೈಪಿಗೆ ಹೆಗಲು ಕೊಟ್ಟರು. ಭೂಮಿ ಮತ್ತೆ ಅಲುಗಿತು. ಸೂರಿನಿಂದ ಇಟ್ಟಿಗೆಯೊಂದು ಅವರ ಬೆನ್ನ ಹಿಂದೆಯೇ ಬಿತ್ತು. ತಗಡಿನವನು ಇನ್ನೊಂದು ಪೈಪು ತಬ್ಬಿಕೊಂಡು ಕಣ್ಣು ಮುಚ್ಚಿದ್ದ, ಆದರೆ ಕೈ ಬಿಡಲಿಲ್ಲ. ನಾಲ್ಕು ತಿಂಗಳಿಂದ ಮನಸ್ಸಿನಲ್ಲೇ ಅವನಿಗೆ ಕೊಟ್ಟ ಶಾಪಗಳನ್ನೆಲ್ಲ ಮೇಸ್ತ್ರಿ ಆ ಕ್ಷಣ ವಾಪಸು ತೆಗೆದುಕೊಂಡರು. ಅಲುಗಾಟ ನಿಂತಿತು. ಗೋಡೆ ಬೀಳಲಿಲ್ಲ. ಆದರೆ ಚೌಕಟ್ಟು ಇನ್ನಷ್ಟು ಕುಸಿದು ಗರಗಸವನ್ನು ಕಚ್ಚಿ ಹಿಡಿದಿತ್ತು. ಎಳೆದರೆ ಬರಲಿಲ್ಲ, ಒತ್ತಿದರೆ ಹೋಗಲಿಲ್ಲ.

ಇನ್ನು ಉಳಿದದ್ದು ಉಳಿ ಮತ್ತು ಕೊಡತಿ. ಮೆಲ್ಲಗೆ ಎನ್ನುವ ಮಾತೇ ಇಲ್ಲ.

ಮೊದಲ ಏಟು ಹಾಕಿದರು. ಕಿವಿಗೊಟ್ಟರು. ಅಳು ಇಲ್ಲ. ಎರಡನೆಯದು ಹಾಕಿದರು. ಇಡೀ ಮನೆ ಮಾರ್ದನಿಸಿತು. ಅಳು ಇಲ್ಲ. ಅಳು ಕೂಸೇ ಎಂದು ಮನಸ್ಸಿನಲ್ಲಿ ಅಂಗಲಾಚಿದರು. ಜನ್ಮದಲ್ಲಿ ಇನ್ನೆಂದೂ ನಿನ್ನನ್ನು ಸುಮ್ಮನಿರು ಎನ್ನುವುದಿಲ್ಲ, ಒಂದು ಸಲ ಅಳು. ಹತ್ತನೆಯ ಏಟು, ಇಪ್ಪತ್ತನೆಯ ಏಟು. ಮರದ ಚಕ್ಕೆಗಳು ಮುಖಕ್ಕೆ ಹಾರಿದವು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಳಗಿನಿಂದ ಒಂದು ಸದ್ದೂ ಇಲ್ಲ.

ಕೊನೆಗೆ ಹಲಗೆ ಸಿಡಿದು ಒಳಗೆ ಬಿತ್ತು.

ಕಿಂಡಿಯಲ್ಲಿ ಮೊದಲು ಕಂಡದ್ದು ಮಗಳ ಕೈಗಳು, ಕೈಯಲ್ಲಿ ಗಂಟು. "ಹಿಡಿ ಅಪ್ಪ. ಮೆಲ್ಲಗೆ."

ಮೇಸ್ತ್ರಿ ತೆಗೆದುಕೊಂಡರು. ಎಷ್ಟು ಹಗುರ. ಕುತ್ತಿಗೆ ವಾಲಿತು. ಮುಖದ ಮೇಲಿನ ಬಟ್ಟೆ ಸರಿಸಿದರು. ಕಣ್ಣು ಮುಚ್ಚಿತ್ತು, ರೆಪ್ಪೆಯ ಮೇಲೆ ಬಿಳಿ ಧೂಳು, ಬಾಯಿ ಅರೆತೆರೆದಿತ್ತು. ಅವರು ತಡೆಯಲಾರದೆ, ಮರ ಹಿಡಿದು ಒರಟಾದ ಆ ಎರಡು ಬೆರಳಿನಿಂದ ಅದರ ಅಂಗಾಲನ್ನು ಬಲವಾಗಿ ಚಿವುಟಿದರು.

ಏನೂ ಆಗಲಿಲ್ಲ. ಒಂದು ಕ್ಷಣ.

ಆಮೇಲೆ ಇನ್‌ಸ್ಪೆಕ್ಟರ್ ಕಣ್ಣು ಬಿಟ್ಟ. ಯಾರದು ತಪ್ಪು ಎನ್ನುವ ಹಾಗೆ ತಾತನ ಮುಖವನ್ನೇ ನೋಡಿದ. ಮೂಗು ಕೆಂಪಾಯಿತು, ತುಟಿ ಸೊಟ್ಟಗಾಯಿತು, ಬಾಯಿ ತೆರೆಯಿತು. ಬಂದ ಕಿರುಚಾಟಕ್ಕೆ ತಗಡಿನವನೂ ಬೆಚ್ಚಿಬಿದ್ದ.

"ಅಯ್ಯೋ ಅಪ್ಪ!" ಕಿಂಡಿಯಲ್ಲಿ ಸೊಂಟದವರೆಗೆ ತೂರಿಕೊಂಡಿದ್ದ ಮಗಳು ಅಲ್ಲಿಂದಲೇ ಬೈಯತೊಡಗಿದಳು. "ಎಬ್ಬಿಸಿಬಿಟ್ಯಾ? ಅಲುಗಿದಾಗಿನಿಂದ ಕಿರುಚಿ ಕಿರುಚಿ ಗಂಟಲು ಕಟ್ಟಿ, ನೀನು ಬರೋ ಹೊತ್ತಿಗೆ ಮಲಗಿತ್ತು. ಧೂಳು ಬೀಳಬಾರದು ಅಂತ ಮುಖ ಮುಚ್ಚಿ, ನಿನ್ನ ಕೊಡತಿ ಸದ್ದು ಕೇಳಬಾರದು ಅಂತ ಕಿವಿ ಎರಡೂ ಅದುಮಿ ಹಿಡಿದು ಕೂತಿದೀನಿ. ಕೈ ಮರಗಟ್ಟಿ ಹೋಗಿದೆ ನಂದು!"

ಕಿರುಚಿತ್ತಂತೆ. ಆ ಬಾಗಿಲು ಅಳುವನ್ನೂ ಹೊರಗೆ ಬಿಟ್ಟಿರಲಿಲ್ಲ.

ಅವಳನ್ನು ಎಳೆದುಕೊಂಡು ಮೂವರೂ ಬೀದಿಗೆ ಬಂದರು. ಜನರೆಲ್ಲ ನಡುಬೀದಿಯಲ್ಲಿ ಕೂತಿದ್ದರು. ಮೇಸ್ತ್ರಿ ಅಲ್ಲಿಯೇ ಕೂತರು. ಮಗುವನ್ನು ಎದೆಗೆ ಒತ್ತಿಕೊಂಡು, ನೆರೆದವರ ಮುಂದೆ ನಾಚಿಕೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತರು.

"ಕಾಲು ನೋಡು, ಕೆಂಪಗಾಗಿದೆ," ಎಂದಳು ಮಗಳು, ಇನ್ನೂ ಸಿಟ್ಟು ಇಳಿಯದೆ. "ಯಾಕೆ ಚಿವುಟಿದೆ?"

"ಮಲಗಿದೆ ಅಂದೆಯಲ್ಲ."

"ಮಲಗಿತ್ತು, ಅಂದೆ. ಅದಕ್ಕೆ..." ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು. ಅಪ್ಪನ ಮುಖ ನೋಡಿದಳು. ಸಿಟ್ಟೆಲ್ಲ ಇಳಿದುಹೋಯಿತು.

"ನಿನಗೆ ಗೊತ್ತಿತ್ತಾ ಅಪ್ಪ? ಅವತ್ತಿನದು?"

"ಟವೆಲ್ಲು ನೋಡಿದ್ದೆ."

ಅವಳು ಅವರ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಅವರ ಅಂಗೈ ಬಿಡಿಸಿ, ಬೊಬ್ಬೆ ಒಡೆದು ಹರಿದದ್ದನ್ನು ತನ್ನ ಬಟ್ಟೆಯಿಂದ ಒತ್ತಿ ಹಿಡಿದಳು.

"ಹೇಳಿದ್ರೆ ನಿನ್ನ ಕೈ ನಿಂತುಬಿಡುತ್ತೆ ಅಂತ ಹೆದರಿಕೆ ಆಗಿತ್ತು," ಎಂದಳು. ದನಿ ಏಳು ವರ್ಷದವಳದಾಗಿತ್ತು. "ಒಳಗೆ ಕತ್ತಲೆ ಇತ್ತು ಅಪ್ಪ."

ಮೇಸ್ತ್ರಿ ಮಗುವನ್ನು ಮಡಿಲಿಗೆ ಇಳಿಸಿ, ಇನ್ನೊಂದು ಕೈಯಿಂದ ಅವಳ ತಲೆಯ ಮೇಲಿನ ಧೂಳು ಕೊಡವಿದರು.

ಮಗು ಮಾತ್ರ ಬಿಟ್ಟೂಬಿಡದೆ ಅರಚುತ್ತಿತ್ತು. ತಗಡಿನವನ ಮುದಿತಾಯಿಗೆ ತಡೆಯಲಾಗಲಿಲ್ಲ. "ಯಾರಾದರೂ ಆ ಕೂಸನ್ನ ಸಮಾಧಾನ ಮಾಡ್ರಪ್ಪಾ," ಎಂದಳು.

"ಬೇಡ ತಾಯಿ," ಎಂದರು ಮೇಸ್ತ್ರಿ. "ಇನ್ನೂ ಸ್ವಲ್ಪ ಹೊತ್ತು ಅಳಲಿ."